ಧಾರೆ ಎಲ್ಲಿ ಮುಗಿಯುತ್ತದೆ, ಹನಿ ಎಲ್ಲಿ ಹುಟ್ಟುತ್ತದೆ?

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ. ಒಂದು ಮಿಲಿಮೀಟರ್ ತೂತಿನ ನಾಜಲ್‌ನಿಂದ ಬೀಳುವ ನೀರಿನ ಧಾರೆ ಹನಿಗಳಾಗಿ ಒಡೆಯುವುದನ್ನು ಅಳೆಯುವುದು ನಮ್ಮ ಪ್ರಾಜೆಕ್ಟ್. ಮೊಬೈಲಿನಲ್ಲಿ ಸೆಕೆಂಡಿಗೆ 240 ಚಿತ್ರಗಳ ಸ್ಲೋ ಮೋಷನ್ ಇಟ್ಟರೂ ಹನಿಗಳ ಬದಲು ಉದ್ದುದ್ದ ಗೆರೆಗಳೇ ಕಾಣುತ್ತವೆ. ಹೈಸ್ಪೀಡ್ ಕ್ಯಾಮೆರಾ ಇಲ್ಲದೆ ಈ ಕೆಲಸ ಆಗುವುದಿಲ್ಲವೇ? ಒಂದೇ ತುಂತುರನ್ನು ಎರಡು ಬಗೆಯ ಲೇಸರ್ ಉಪಕರಣಗಳಿಂದ ಅಳೆದರೆ ಹನಿಗಳ ಸರಾಸರಿ ಗಾತ್ರ ಬೇರೆ ಬೇರೆ ಬರುತ್ತದೆ ಎಂದೂ ಓದಿದ್ದೇನೆ. ಯಾವುದನ್ನು ನಂಬಬೇಕು? ಚೆನ್ನಾಗಿ ಕಾಣಲೆಂದು ನೀರಿಗೆ ಬಣ್ಣ ಬೆರೆಸಬಹುದೇ?

ಉತ್ತರ: ಮೊದಲು ನಿಮ್ಮ ಗೆರೆಗಳ ವಿಚಾರ. ಧಾರೆಯ ವೇಗ ಸೆಕೆಂಡಿಗೆ 2 ಮೀಟರ್ ಎಂದಿಟ್ಟುಕೊಳ್ಳೋಣ. ಮೊಬೈಲು ಪ್ರತಿ ಚಿತ್ರಕ್ಕೂ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು ಕಣ್ಣು ತೆರೆದಿತ್ತು ಎಂದರೆ, ಅಷ್ಟರಲ್ಲಿ ಹನಿ 2 ಮಿಲಿಮೀಟರ್ ಜಾರಿರುತ್ತದೆ. ಒಂದು ಮಿಲಿಮೀಟರ್ ಧಾರೆಯಿಂದ ಹುಟ್ಟುವ ಹನಿಯ ವ್ಯಾಸವೇ ಸುಮಾರು 1.9 ಮಿಲಿಮೀಟರ್. ಅಂದರೆ ಹನಿ ತನ್ನಷ್ಟೇ ಉದ್ದವನ್ನು ದಾಟಿಹೋಗುವವರೆಗೂ ನೀವು ಅದನ್ನು ನೋಡುತ್ತಲೇ ಇದ್ದಿರಿ. ಗೆರೆ ಬಾರದೆ ಇನ್ನೇನು ಬಂದೀತು? ಸೆಕೆಂಡಿಗೆ ಎಷ್ಟು ಚಿತ್ರ ಎಂಬುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಸೆಕೆಂಡಿಗೆ ಒಂದೇ ಚಿತ್ರ ತೆಗೆದರೂ ಪರವಾಗಿಲ್ಲ, ಆ ಒಂದರಲ್ಲಿ ಬೆಳಕು ಬಿದ್ದ ಹೊತ್ತು ಚಿಕ್ಕದಾಗಿರಬೇಕು.

ಎಷ್ಟು ಚಿಕ್ಕದು? ಬೆಳಕು ಬಿದ್ದಷ್ಟು ಹೊತ್ತಿನಲ್ಲಿ ಹನಿ ತನ್ನ ವ್ಯಾಸದ ನೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಸರಿಯಬಾರದು ಎಂದು ನಾನು ಲೆಕ್ಕ ಹಾಕುತ್ತೇನೆ. ನಿಮ್ಮ ಹನಿಗೆ ಅದು 0.02 ಮಿಲಿಮೀಟರ್, ಹೊತ್ತಿನಲ್ಲಿ ಹೇಳುವುದಾದರೆ 10 ಮೈಕ್ರೊಸೆಕೆಂಡ್. ಇದು ಒಂದು ಶಕ್ತಿಯುತ ಎಲ್‌ಇಡಿಗೆ ಸಾಧ್ಯವಿರುವ ಮಿಂಚು. ಕ್ಯಾಮೆರಾದ ಮೇಲೆ ಕೂರುವ ಸಾಮಾನ್ಯ ಫ್ಲ್ಯಾಶನ್ನು ಅದರ ಅತಿ ಕಡಿಮೆ ಶಕ್ತಿಗೆ ಇಳಿಸಿದರೂ ಮಿಂಚಿನ ಅವಧಿ ಸೆಕೆಂಡಿನ ಇಪ್ಪತ್ತು ಸಾವಿರದ ಒಂದು ಪಾಲಿನ ಆಸುಪಾಸಿಗೆ ಬರುತ್ತದೆ. ಕಲಿಯುವ ಕೆಲಸಕ್ಕೆ ಅದೂ ಸಾಕು. ಕೋಣೆಯನ್ನು ಕತ್ತಲೆ ಮಾಡಿ, ಕ್ಯಾಮೆರಾದ ಶಟರನ್ನು ಅರ್ಧ ಸೆಕೆಂಡು ತೆರೆದಿಟ್ಟು, ನಡುವೆ ಒಮ್ಮೆ ಮಾತ್ರ ಮಿಂಚು ಹೊಡೆಸಿ. ಚಿತ್ರದ ಹೊತ್ತನ್ನು ನಿರ್ಧರಿಸುವುದು ಆಗ ಶಟರ್ ಅಲ್ಲ, ಮಿಂಚು. ಕ್ಯಾಮೆರಾ ಬರೀ ಕಾಗದದ ಹಾಗೆ ಕಾಯುತ್ತಿರುತ್ತದೆ.

ಮೊಬೈಲಿಗೆ ಇನ್ನೂ ಒಂದು ಗುಟ್ಟಿನ ದೋಷವಿದೆ. ಅದರ ಸಂವೇದಕ ಚಿತ್ರವನ್ನು ಒಮ್ಮೆಗೇ ಓದುವುದಿಲ್ಲ, ಸಾಲು ಸಾಲಾಗಿ ಮೇಲಿನಿಂದ ಕೆಳಕ್ಕೆ ಓದುತ್ತದೆ. 40 ಮಿಲಿಮೀಟರ್ ಎತ್ತರದ ದೃಶ್ಯವನ್ನು 4 ಮಿಲಿಸೆಕೆಂಡಿನಲ್ಲಿ ಓದಿತು ಎನ್ನಿ. ಓದುವ ಗೆರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಕೆಳಗಿಳಿಯುತ್ತಿದೆ, ಹನಿಯೂ ಅದೇ ದಿಕ್ಕಿಗೆ 2 ಮೀಟರ್ ವೇಗದಲ್ಲಿ ಇಳಿಯುತ್ತಿದೆ. ಫಲವಾಗಿ ದುಂಡನೆಯ ಹನಿ ಕಾಲುಭಾಗ ಉದ್ದವಾಗಿ, ಮೊಟ್ಟೆಯಂತೆ ಕಾಣುತ್ತದೆ. ಮೊಬೈಲನ್ನು ತಲೆಕೆಳಗು ಮಾಡಿ ತೆಗೆದರೆ ಅದೇ ಹನಿ ಚಪ್ಪಟೆಯಾಗುತ್ತದೆ. ಮಾಡಿ ನೋಡಿ, ಒಂದು ಮಧ್ಯಾಹ್ನದ ಮೋಜು. ಕತ್ತಲೆಯಲ್ಲಿ ಶಟರ್ ದೀರ್ಘವಾಗಿ ತೆರೆದು ಎಲ್ಲ ಸಾಲುಗಳೂ ಜೊತೆಯಾಗಿ ಕಾಯುತ್ತಿರುವಾಗ ಮಿಂಚು ಹೊಡೆದರೆ ಈ ದೋಷವೂ ತೊಲಗುತ್ತದೆ.

ಧಾರೆ ಒಡೆಯುವುದನ್ನು ನೋಡುವ ಆಸೆ ಹೊಸದೇನಲ್ಲ. 1833ರಲ್ಲಿ ಫೆಲಿಕ್ಸ್ ಸಾವಾರ್ ಧಾರೆ ಒಡೆಯುವುದನ್ನು ಮೊದಲ ಬಾರಿಗೆ ಕ್ರಮವಾಗಿ ಗಮನಿಸಿದರು. ಪಿಯುಸಿ ಭೌತಶಾಸ್ತ್ರದಲ್ಲಿ ಬರುವ ಬಯೋ–ಸಾವಾರ್ ನಿಯಮದ ಸಾವಾರ್ ಇವರೇ. ಫೋಟೊ ಇರಲಿಲ್ಲ, ಮಿಂಚುದೀಪ ಇರಲಿಲ್ಲ. ಆದರೂ ನಯವಾಗಿ ಕಾಣುವ ಧಾರೆಯ ಮೈಮೇಲೆ ಸಣ್ಣ ಉಬ್ಬುತಗ್ಗುಗಳು ಹುಟ್ಟಿ, ಬೆಳೆದು, ಕೊನೆಗೆ ಅದನ್ನು ಕತ್ತರಿಸುತ್ತವೆ ಎಂಬುದನ್ನು ಕಂಡುಕೊಂಡರು. ಹತ್ತಿರದಲ್ಲಿ ವಾದ್ಯ ನುಡಿಸಿದರೆ ಧಾರೆ ಒಡೆಯುವ ಜಾಗವೇ ಬದಲಾಗುತ್ತದೆ ಎಂಬುದನ್ನೂ ಗಮನಿಸಿದರು. ಆಮೇಲೆ ಬೆಲ್ಜಿಯಂನ ಜೋಸೆಫ್ ಪ್ಲಾಟೊ, ಉಬ್ಬಿನಿಂದ ಉಬ್ಬಿಗೆ ಇರುವ ದೂರ ಧಾರೆಯ ಸುತ್ತಳತೆಗಿಂತ ಹೆಚ್ಚಾದರೆ ಮಾತ್ರ ಆ ಉಬ್ಬು ಬೆಳೆಯುತ್ತದೆ ಎಂದು ತೋರಿಸಿದರು. ಚಲಿಸುವ ಚಿತ್ರದ ಭ್ರಮೆ ಹುಟ್ಟಿಸುವ ಚಕ್ರವನ್ನು 1832ರಲ್ಲಿ ಮಾಡಿದ್ದ ಈ ಮನುಷ್ಯ 1843ರ ಹೊತ್ತಿಗೆ ಪೂರ್ತಿ ಕುರುಡರಾಗಿದ್ದರು. ದ್ರವಗಳ ಮೇಲಿನ ಅವರ ದೊಡ್ಡ ಗ್ರಂಥ ಹೊರಬಂದದ್ದು 1873ರಲ್ಲಿ. ಅದರಲ್ಲಿನ ಎಷ್ಟೋ ಪ್ರಯೋಗಗಳನ್ನು ಅವರು ಬೇರೆಯವರ ಕಣ್ಣಿನಿಂದ ನೋಡಿದ್ದರು. ಉಪಕರಣವಿಲ್ಲ ಎಂದು ನನಗೆ ಬೇಸರವಾದಾಗಲೆಲ್ಲ ಇದು ನೆನಪಾಗುತ್ತದೆ.

1870ರ ದಶಕದ ಕೊನೆಯಲ್ಲಿ ಲಾರ್ಡ್ ರೇಲೀ ಕೇಳಿದ ಪ್ರಶ್ನೆ ಬೇರೆ. ಬೆಳೆಯಬಲ್ಲ ಉಬ್ಬುಗಳು ಅನೇಕ, ಅವುಗಳಲ್ಲಿ ಎಲ್ಲಕ್ಕಿಂತ ಬೇಗ ಬೆಳೆಯುವುದು ಯಾವುದು? ಉತ್ತರ: ಸ್ನಿಗ್ಧತೆ (ದ್ರವದ ಅಂಟುತನ) ಲೆಕ್ಕಕ್ಕೆ ಬಾರದ ದ್ರವದಲ್ಲಿ, ಧಾರೆಯ ವ್ಯಾಸದ ಸುಮಾರು ನಾಲ್ಕೂವರೆ ಪಟ್ಟು ತರಂಗದೂರ, ಅಂದರೆ ಉಬ್ಬಿನಿಂದ ಉಬ್ಬಿಗೆ ದೂರ, ಇರುವ ಉಬ್ಬು. ಅಷ್ಟುದ್ದದ ಧಾರೆಯ ತುಂಡನ್ನು ಉಂಡೆ ಕಟ್ಟಿದರೆ ಹನಿಯ ವ್ಯಾಸ ಧಾರೆಯ 1.89 ಪಟ್ಟು. ನಿಮ್ಮ ಪ್ರಾಜೆಕ್ಟಿಗೆ ಬೇಕಾದ ಅರ್ಧ ಉತ್ತರ ಇಲ್ಲೇ ಇದೆ. ಅಳತೆಗೆ ಮುಂಚೆಯೇ ಏನು ಬರಬೇಕೆಂದು ಗೊತ್ತಿರುವುದು ದೊಡ್ಡ ಅನುಕೂಲ.

ಇದನ್ನೇ ನಿಮ್ಮ ಧಾರೆಗೆ ಹಾಕಿ ನೋಡೋಣ. ನೀರಿನ ಮೇಲ್ಮೈ ಎಳೆತ ಮೀಟರಿಗೆ 0.072 ನ್ಯೂಟನ್. ರೇಲೀ ಸೂತ್ರದ ಪ್ರಕಾರ ಉಬ್ಬು ಸುಮಾರು 4 ಮಿಲಿಸೆಕೆಂಡಿಗೊಮ್ಮೆ 2.7 ಪಟ್ಟಾಗುತ್ತದೆ. ಅಷ್ಟರಲ್ಲಿ ಧಾರೆ ಸುಮಾರು 8 ಮಿಲಿಮೀಟರ್ ಸಾಗಿರುತ್ತದೆ. ಧಾರೆ ನಾಜಲಿನಿಂದ 9 ಸೆಂಟಿಮೀಟರ್ ಕೆಳಗೆ ಒಡೆಯಿತು ಎಂದರೆ ಉಬ್ಬು ಹನ್ನೆರಡು ಸಲ ಹೀಗೆ ಗುಣಿಸಿಕೊಂಡಿದೆ. ಒಡೆಯುವಾಗ ಉಬ್ಬು ಧಾರೆಯ ತ್ರಿಜ್ಯದಷ್ಟಿರುತ್ತದೆ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಶುರುವಿನಲ್ಲಿ ಅದು ಕೇವಲ ಮೂರು ನ್ಯಾನೊಮೀಟರ್ ಇತ್ತು! ಯಾವ ಕ್ಯಾಮೆರಾಕ್ಕೂ ಅದು ಕಾಣದು. 10 ಮೈಕ್ರೊಮೀಟರಿಗೆ ಬೆಳೆದ ಮೇಲಷ್ಟೇ ಚಿತ್ರದಲ್ಲಿ ಗುರುತಿಸಬಹುದು, ಅಲ್ಲಿಂದ ಒಡೆಯುವವರೆಗೆ ಉಳಿಯುವುದು ಸುಮಾರು 3 ಸೆಂಟಿಮೀಟರ್. ಹೀಗಾಗಿ ಮೇಲಿನ ಮೂರರಲ್ಲಿ ಎರಡು ಪಾಲು ಧಾರೆ ಗಾಜಿನ ಕಡ್ಡಿಯಂತೆ ನಿಶ್ಚಲವಾಗಿ ಕಂಡು, ಕೊನೆಯ ಎರಡು ಬೆರಳಗಲದಲ್ಲಿ ಎಲ್ಲವೂ ದಿಢೀರನೆ ನಡೆದಂತೆ ತೋರುತ್ತದೆ. ಕ್ಯಾಮೆರಾವನ್ನು ಇಡೀ ಧಾರೆಗೆ ಹಿಡಿದು ವಿವರ ಕಳೆದುಕೊಳ್ಳಬೇಡಿ, ಆ ಕೊನೆಯ ಭಾಗಕ್ಕೇ ಹಿಡಿಯಿರಿ.

ಆ ಭಾಗದಲ್ಲಿ ಪ್ರತಿ ಉಬ್ಬಿನ ಎತ್ತರವನ್ನು ಅಳೆದು, ಅದರ ಲಾಗರಿದಮ್ಮನ್ನು ನಾಜಲಿನಿಂದ ಇರುವ ದೂರದ ಎದುರು ಗುರುತು ಹಾಕಿ. ಬಿಂದುಗಳು ನೇರ ಗೆರೆಯಲ್ಲಿ ಕೂರಬೇಕು, ಒಡೆಯುವ ಜಾಗದ ಹತ್ತಿರ ಮಾತ್ರ ಗೆರೆ ಬಾಗುತ್ತದೆ. ಗೆರೆಯ ಇಳಿಜಾರನ್ನು ವೇಗದಿಂದ ಗುಣಿಸಿದರೆ ಬೆಳವಣಿಗೆಯ ದರ. ಅದು ಸೆಕೆಂಡಿಗೆ 260ರ ಹತ್ತಿರ ಬಂದರೆ ನಿಮ್ಮ ಏರ್ಪಾಡು ಸರಿಯಿದೆ. ಪ್ರಾಜೆಕ್ಟಿನಲ್ಲಿ ನನಗೆ ಒಂದೇ ಗ್ರಾಫ್ ತೋರಿಸಲು ಅವಕಾಶವಿದ್ದರೆ ಇದನ್ನೇ ತೋರಿಸುತ್ತೇನೆ. ಹನಿಗಳ ಚಂದದ ಚಿತ್ರವನ್ನು ಯಾರು ಬೇಕಾದರೂ ತೆಗೆಯಬಹುದು.

ವೇಗದ ಬಗ್ಗೆ ಒಂದು ಎಚ್ಚರಿಕೆ. ಒಂದು ನಿಮಿಷ ನೀರು ಹಿಡಿದು ತೂಗಿ, ತೂತಿನ ವಿಸ್ತೀರ್ಣದಿಂದ ಭಾಗಿಸುವುದು ಸರಳ ದಾರಿ. ಆದರೆ ಚೂಪಾದ ಅಂಚಿನ ತೂತಿನಿಂದ ಹೊರಟ ಧಾರೆ ಹೊರಬಂದ ತಕ್ಷಣ ಕಿರಿದಾಗುತ್ತದೆ. ಅದರ ವಿಸ್ತೀರ್ಣ ತೂತಿನ ಸುಮಾರು ಶೇ 62ರಷ್ಟೇ ಉಳಿಯುತ್ತದೆ. ಆದ್ದರಿಂದ ಭಾಗಿಸಬೇಕಾದದ್ದು ಧಾರೆಯ ವಿಸ್ತೀರ್ಣದಿಂದ. ಧಾರೆಯ ವ್ಯಾಸವನ್ನು ಚಿತ್ರದಿಂದಲೇ ತೆಗೆದುಕೊಳ್ಳಿ.

ಇನ್ನು ಬೆಳಕನ್ನು ಎಲ್ಲಿಡಬೇಕು? ಧಾರೆಯ ಹಿಂದೆ, ಕ್ಯಾಮೆರಾಕ್ಕೆ ಎದುರಾಗಿ. ಎಲ್‌ಇಡಿಗೂ ಧಾರೆಗೂ ನಡುವೆ ಬೆಳಕನ್ನು ಹರಡುವ ಒಂದು ಹಾಲುಬಣ್ಣದ ಹಾಳೆ. ಹೀಗೆ ತೆಗೆದದ್ದು ನೆರಳುಚಿತ್ರ. ಈ ಚಿತ್ರದಲ್ಲಿ ಒಂದು ಹನಿಯನ್ನು ದೊಡ್ಡದು ಮಾಡಿ ನೋಡಿ: ಕಪ್ಪು ಬಳೆ, ಅದರ ನಡುವೆ ಬೆಳ್ಳಗಿನ ಚುಕ್ಕೆ. ಹನಿಯೊಳಗೆ ತೂತೇನೂ ಇಲ್ಲ. ಹನಿಯೇ ಒಂದು ಪುಟ್ಟ ಮಸೂರ, ಹಿಂದಿನ ದೀಪದ ತಲೆಕೆಳಗಾದ ಬಿಂಬವನ್ನು ತನ್ನ ನಡುವೆ ಹಿಡಿದಿಟ್ಟಿದೆ. ಅಂಚಿನ ಹತ್ತಿರ ಬಿದ್ದ ಕಿರಣಗಳು ತುಂಬ ಬಾಗಿ ಕ್ಯಾಮೆರಾ ತಲುಪುವುದಿಲ್ಲ, ಹಾಗಾಗಿ ಅಂಚು ಕಪ್ಪು. ಹನಿ ಎಣಿಸುವ ತಂತ್ರಾಂಶಕ್ಕೆ ಕೊಡುವ ಮುಂಚೆ ಈ ನಡುಚುಕ್ಕೆಯನ್ನು ತುಂಬಿಸಬೇಕು, ಇಲ್ಲವಾದರೆ ಅದು ಬಳೆಯ ವಿಸ್ತೀರ್ಣವನ್ನು ಮಾತ್ರ ಲೆಕ್ಕ ಹಾಕಿ ಹನಿಯನ್ನು ಚಿಕ್ಕದು ಮಾಡುತ್ತದೆ. ಚುಕ್ಕೆ ಎಷ್ಟು ಸ್ಫುಟವಾಗಿದೆ ಎನ್ನುವುದು ಹನಿ ಫೋಕಸ್ಸಿನಲ್ಲಿದೆಯೇ ಎಂಬುದನ್ನೂ ಹೇಳುತ್ತದೆ.

ಫೋಕಸ್ಸೇ ಈ ವಿಧಾನದ ತಲೆನೋವು. ಫೋಕಸ್ ತಪ್ಪಿದ ಹನಿಯ ಅಂಚು ಮಸುಕಾಗಿ ಹರಡುತ್ತದೆ. ಎಲ್ಲಿಂದ ಎಲ್ಲಿಯವರೆಗೆ ಹನಿ ಎಂಬುದು ನೀವು ಕಪ್ಪು–ಬಿಳುಪಿನ ಗಡಿಯನ್ನು ಎಲ್ಲಿ ಹಾಕಿದಿರಿ ಎಂಬುದರ ಮೇಲೆ ನಿಲ್ಲುತ್ತದೆ. ಇನ್ನೂ ಕೆಟ್ಟದ್ದೆಂದರೆ, ದೊಡ್ಡ ಹನಿ ಫೋಕಸ್ಸಿನಿಂದ ದೂರವಿದ್ದರೂ ತಂತ್ರಾಂಶಕ್ಕೆ ಕಾಣುತ್ತದೆ, ಸಣ್ಣ ಹನಿ ಸ್ವಲ್ಪ ಸರಿದರೂ ಮಾಯವಾಗುತ್ತದೆ. ಹೀಗೆ ಎಣಿಕೆಯಲ್ಲಿ ದೊಡ್ಡವರಿಗೆ ಹೆಚ್ಚು ಮತ ಸಿಗುತ್ತದೆ. ಇನ್ನೊಂದು ಕಡೆ, ಚಿತ್ರದ ಅಂಚಿಗೆ ತಾಗಿದ ಹನಿಗಳನ್ನು ನಾವು ಕೈಬಿಡುತ್ತೇವೆ. ಅಂಚಿಗೆ ತಾಗುವ ಸಂಭವ ದೊಡ್ಡ ಹನಿಗೇ ಜಾಸ್ತಿ. ಎರಡು ತಪ್ಪುಗಳು ಒಂದನ್ನೊಂದು ಸರಿತೂಗುತ್ತವೆ ಎಂದು ನಂಬಿ ಕುಳಿತವರನ್ನು ನಾನು ನೋಡಿದ್ದೇನೆ, ಸರಿತೂಗುವುದಿಲ್ಲ. ಗಾಜಿನ ಮೇಲೆ ಗೊತ್ತಿರುವ ವ್ಯಾಸದ ಚುಕ್ಕೆಗಳನ್ನು ಅಚ್ಚು ಮಾಡಿದ ಅಳತೆಪಟ್ಟಿಯನ್ನು ಧಾರೆಯ ಜಾಗದಲ್ಲಿಟ್ಟು, ಫೋಕಸ್ಸಿನ ಹಿಂದಕ್ಕೂ ಮುಂದಕ್ಕೂ ಹೆಜ್ಜೆ ಹೆಜ್ಜೆಯಾಗಿ ಸರಿಸಿ, ಯಾವ ಗಾತ್ರ ಎಷ್ಟು ದೂರದವರೆಗೆ ಎಣಿಕೆಗೆ ಸಿಗುತ್ತದೆ ಎಂದು ಮೊದಲೇ ಅಳೆದಿಟ್ಟುಕೊಳ್ಳಬೇಕು. ನಿಮ್ಮಲ್ಲಿ ಅದಿಲ್ಲದಿದ್ದರೆ ದಪ್ಪ ಗೊತ್ತಿರುವ ಒಂದು ಸೂಜಿ ಸಾಕು. ಆದರೆ ಅದು ಧಾರೆ ಇದ್ದ ಅದೇ ತಳದಲ್ಲಿರಬೇಕು.

ಪಿಕ್ಸೆಲ್ ಲೆಕ್ಕವನ್ನೂ ಮರೆಯಬೇಡಿ. ಒಂದು ಪಿಕ್ಸೆಲ್ 5 ಮೈಕ್ರೊಮೀಟರಿಗೆ ಸಮನಾದರೆ 20 ಮೈಕ್ರೊಮೀಟರಿನ ಹನಿಗೆ ಸಿಗುವುದು ನಾಲ್ಕೇ ಪಿಕ್ಸೆಲ್. ಒಂದು ಪಿಕ್ಸೆಲ್ ಹೆಚ್ಚು ಎಣಿಸಿದರೆ ವ್ಯಾಸದಲ್ಲಿ ಶೇ 25 ತಪ್ಪು, ಗಾತ್ರಫಲದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು.

ಒಡೆಯುವ ಕ್ಷಣದ ಹತ್ತಿರ ಹೋದಷ್ಟೂ ಸ್ವಾರಸ್ಯ ಹೆಚ್ಚು. ಎರಡು ಉಬ್ಬುಗಳ ನಡುವಿನ ಕುತ್ತಿಗೆ ಸಣ್ಣದಾದಷ್ಟೂ ಅದರೊಳಗಿನ ಒತ್ತಡ ಏರುತ್ತದೆ, ಏರಿದಷ್ಟೂ ನೀರು ಅಕ್ಕಪಕ್ಕದ ಉಬ್ಬುಗಳಿಗೆ ನುಗ್ಗಿ ಕುತ್ತಿಗೆ ಇನ್ನೂ ಸಣ್ಣದಾಗುತ್ತದೆ. ನೀರಿನಲ್ಲಿ ಒಡೆಯಲು 100 ಮೈಕ್ರೊಸೆಕೆಂಡ್ ಉಳಿದಿರುವಾಗ ಕುತ್ತಿಗೆ ಮಿಲಿಮೀಟರಿನ ಹತ್ತನೇ ಒಂದು ಪಾಲಿನ ಮಟ್ಟದಲ್ಲಿರುತ್ತದೆ, 1 ಮೈಕ್ರೊಸೆಕೆಂಡ್ ಉಳಿದಿರುವಾಗ ಕೆಲವೇ ಮೈಕ್ರೊಮೀಟರ್. ಉಳಿದ ಹೊತ್ತಿನ ಮೂರನೇ ಎರಡು ಘಾತಕ್ಕೆ ಅನುಗುಣವಾಗಿ ಅದು ಕುಗ್ಗುತ್ತದೆ. ಕುತ್ತಿಗೆ ನಡುವಿನಲ್ಲಿ ತುಂಡಾಗುವುದಿಲ್ಲ, ಹನಿಗೆ ಅಂಟಿದ ತುದಿಯಲ್ಲಿ ಮೊದಲು ಹರಿಯುತ್ತದೆ. ಆಮೇಲೆ ಇನ್ನೊಂದು ತುದಿ. ನಡುವೆ ಅನಾಥವಾಗಿ ಉಳಿದ ನೂಲು ಸುರುಟಿಕೊಂಡು ಒಂದು ಪುಟ್ಟ ಹನಿಯಾಗುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಉಪಗ್ರಹ ಎನ್ನುತ್ತಾರೆ, ನಾನು ಮರಿಹನಿ ಎನ್ನುತ್ತೇನೆ. ಇಂಕ್‌ಜೆಟ್ ಮುದ್ರಣದವರಿಗೆ ಈ ಮರಿಗಳೇ ಶತ್ರು, ಅಕ್ಷರದ ಪಕ್ಕ ಮಸಿಯ ಧೂಳು ಹಾರಿಸುವುದು ಇವೇ.

ಈ ಕೊನೆಯ ಕ್ಷಣವನ್ನು ಹಿಡಿಯಲೇಬೇಕೆಂದು ನಿಮ್ಮ ಪ್ರಾಜೆಕ್ಟಿನಲ್ಲಿ ಹಟ ಹಿಡಿಯಬೇಡಿ. 100 ಮೈಕ್ರೊಸೆಕೆಂಡಿನಲ್ಲಿ ನಿಮ್ಮ ಧಾರೆ ಸಾಗುವುದು 0.2 ಮಿಲಿಮೀಟರ್. ಒಡೆಯುವ ಜಾಗವೋ, ತಾನೇ ತಾನಾಗಿ ಪ್ರತಿ ಸಲವೂ ಹಲವು ಮಿಲಿಮೀಟರ್ ಹಿಂದೆ ಮುಂದೆ ಓಡಾಡುತ್ತಿರುತ್ತದೆ. ಒಂದೇ ಅಪೂರ್ವ ಚಿತ್ರಕ್ಕಿಂತ ಇನ್ನೂರು ಸಾಧಾರಣ ಚಿತ್ರಗಳಿಂದ ಒಡೆಯುವ ಉದ್ದದ ಹಂಚಿಕೆಯನ್ನು ತೋರಿಸುವುದು ಹೆಚ್ಚು ಬೆಲೆಯುಳ್ಳ ಕೆಲಸ. ಓಡಾಟವೇ ಬೇಡವೆನಿಸಿದರೆ ಧಾರೆಯನ್ನು ತಾಳಕ್ಕೆ ಕುಣಿಸಿ. ನಾಜಲಿಗೆ ಒಂದು ಸಣ್ಣ ಸ್ಪೀಕರನ್ನು ತಾಗಿಸಿ, ವೇಗವನ್ನು ತರಂಗದೂರದಿಂದ ಭಾಗಿಸಿದ ಆವೃತ್ತಿಯಲ್ಲಿ ಕಂಪಿಸಿ. ನಿಮ್ಮ ಲೆಕ್ಕಕ್ಕೆ ಅದು 444 ಹರ್ಟ್ಸ್, ವಾದ್ಯಗಳನ್ನು ಶ್ರುತಿ ಮಾಡುವ 440ರ ಪಕ್ಕದ ಮನೆ. ಅದೇ ಆವೃತ್ತಿಯಲ್ಲಿ ಎಲ್‌ಇಡಿ ಮಿಂಚಿಸಿದರೆ ಹನಿಗಳು ಗಾಳಿಯಲ್ಲಿ ಮುತ್ತಿನ ಸರದಂತೆ ನಿಂತುಬಿಡುತ್ತವೆ. ಕೈಯಿಂದ ಮುಟ್ಟಿದರೆ ಒದ್ದೆಯಾಗುವವರೆಗೂ ಅದು ಹರಿಯುತ್ತಿದೆ ಎಂದು ನಂಬಲಾಗುವುದಿಲ್ಲ. ಆದರೆ ಕಣ್ಣಿಗೆ ನಿಂತಂತೆ ಕಾಣುವುದು ನೂರಾರು ಹನಿಗಳ ಸರಾಸರಿ, ಒಂದು ಹನಿಯಲ್ಲ. ಅಳತೆಗೆ ಒಂದು ಚಿತ್ರಕ್ಕೆ ಒಂದೇ ಮಿಂಚು ಎಂಬ ನಿಯಮವನ್ನು ಇಲ್ಲಿಯೂ ಬಿಡಬೇಡಿ.

ಈಗ ಲೇಸರ್ ಉಪಕರಣಗಳ ಜಗಳಕ್ಕೆ ಬರೋಣ. ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಮೊದಲನೆಯದು ವಿವರ್ತನೆಯನ್ನು, ಅಂದರೆ ಅಡ್ಡ ಬಂದ ವಸ್ತುವಿನ ಅಂಚಿನಲ್ಲಿ ಬೆಳಕು ಬಾಗಿ ಹರಡುವುದನ್ನು, ನಂಬಿದ್ದು. ತುಂತುರಿನ ಮೂಲಕ ಲೇಸರ್ ಕಿರಣವನ್ನು ಹಾಯಿಸಿ, ಆಚೆ ಬದಿಯಲ್ಲಿ ಬೆಳಕು ಯಾವ ಕೋನಕ್ಕೆ ಎಷ್ಟು ಹರಡಿದೆ ಎಂದು ಅಳೆಯುತ್ತಾರೆ. ಹನಿ ಸಣ್ಣದಾದಷ್ಟೂ ಹರಡುವ ಕೋನ ದೊಡ್ಡದು. ಕೆಂಪು ಲೇಸರಿಗೆ 200 ಮೈಕ್ರೊಮೀಟರಿನ ಹನಿಯ ಮೊದಲ ಕಪ್ಪು ಉಂಗುರ 0.22 ಡಿಗ್ರಿಯಲ್ಲಿ ಬಿದ್ದರೆ, 20 ಮೈಕ್ರೊಮೀಟರಿನದು 2.2 ಡಿಗ್ರಿಯಲ್ಲಿ ಬೀಳುತ್ತದೆ. ಕಿರಣದ ದಾರಿಯಲ್ಲಿದ್ದ ಎಲ್ಲ ಹನಿಗಳ ಉಂಗುರಗಳೂ ಒಂದರ ಮೇಲೊಂದು ಬಿದ್ದಿರುತ್ತವೆ, ಅದರಿಂದ ಗಾತ್ರಗಳ ಹಂಚಿಕೆಯನ್ನು ಗಣಿತದಿಂದ ಬಿಡಿಸಿ ತೆಗೆಯಬೇಕು.

ಎರಡನೆಯದು ಫೇಸ್ ಡಾಪ್ಲರ್ ವಿಧಾನ. 1975ರಲ್ಲಿ ಡರ್ಸ್ಟ್ ಮತ್ತು ಝಾರೆ ಇದರ ಬೀಜ ಬಿತ್ತಿದರು, 1984ರಲ್ಲಿ ಬಚಾಲೊ ಮತ್ತು ಹೌಸರ್ ಅದನ್ನು ಕೆಲಸಕ್ಕೆ ಬರುವ ಉಪಕರಣದ ರೂಪಕ್ಕೆ ತಂದರು. ಎರಡು ಲೇಸರ್ ಕಿರಣಗಳು ಒಂದನ್ನೊಂದು ದಾಟುವ ಜಾಗದಲ್ಲಿ ಬೆಳಕು–ಕತ್ತಲೆಯ ಪಟ್ಟೆಗಳು ಮೂಡುತ್ತವೆ. ಒಂದು ಹನಿ ಆ ಪಟ್ಟೆಗಳ ಮೂಲಕ ಹಾದಾಗ ಮಿನುಗುತ್ತದೆ. ಮಿನುಗಿನ ಆವೃತ್ತಿಯಿಂದ ವೇಗ ಸಿಗುತ್ತದೆ. ಇದೇ ಹನಿ ಮಸೂರದಂತೆ ಪಟ್ಟೆಗಳನ್ನು ದೊಡ್ಡದು ಮಾಡಿ ಹೊರಗೆ ಎಸೆಯುತ್ತದೆ. ಬೇರೆ ಬೇರೆ ಜಾಗದಲ್ಲಿಟ್ಟ ಪತ್ತೆಕಾರಕಗಳಿಗೆ ಆ ಮಿನುಗು ಸ್ವಲ್ಪ ಹಿಂದೆ ಮುಂದೆ ತಲುಪುತ್ತದೆ. ಆ ಅಂತರದಿಂದ ವ್ಯಾಸ ಸಿಗುತ್ತದೆ. ಆ ಅಂತರ ಮಿನುಗಿನ ಒಂದು ಸುತ್ತನ್ನು ಮುಗಿಸಿ ಎರಡನೆಯ ಸುತ್ತಿಗೆ ಹೋಯಿತೇ ಎಂಬ ಗೊಂದಲ ತಪ್ಪಿಸಲು ಮೂರು ಪತ್ತೆಕಾರಕಗಳನ್ನು ಇಡುತ್ತಾರೆ. ಹನಿಯೊಂದೊಂದಕ್ಕೂ ಗಾತ್ರವನ್ನೂ ವೇಗವನ್ನೂ ಒಟ್ಟಿಗೆ ಕೊಡುವ ಇಂಥ ಉಪಕರಣದ ಜಾಣ್ಮೆಗೆ ನಾನು ಇಂದಿಗೂ ತಲೆದೂಗುತ್ತೇನೆ.

ಎರಡೂ ಸರಿಯಾಗಿ ಕೆಲಸ ಮಾಡಿದರೂ ಉತ್ತರ ಬೇರೆ ಬರುತ್ತದೆ. ರಸ್ತೆ ಬದಿ ನಿಂತು ಒಂದು ಗಂಟೆಯಲ್ಲಿ ಎಷ್ಟು ಬಸ್ಸು, ಎಷ್ಟು ಸೈಕಲ್ಲು ಹೋದವು ಎಂದು ಎಣಿಸುವುದು ಬೇರೆ. ಮೇಲಿನಿಂದ ಒಂದು ಫೋಟೊ ತೆಗೆದು ಆ ಕ್ಷಣ ರಸ್ತೆಯ ಮೇಲೆ ಯಾವುದು ಎಷ್ಟಿದೆ ಎಂದು ಎಣಿಸುವುದು ಬೇರೆ. ಸೈಕಲ್ಲು ನಿಧಾನ, ಅದು ರಸ್ತೆಯ ಮೇಲೆ ಹೆಚ್ಚು ಹೊತ್ತು ಇರುತ್ತದೆ, ಹಾಗಾಗಿ ಫೋಟೊದಲ್ಲಿ ಸೈಕಲ್ಲುಗಳೇ ಹೆಚ್ಚು. ತುಂತುರಿನಲ್ಲಿ ಸೆಕೆಂಡಿಗೆ ಸಾವಿರ ದೊಡ್ಡ ಹನಿ 20 ಮೀಟರ್ ವೇಗದಲ್ಲಿ, ಸಾವಿರ ಸಣ್ಣ ಹನಿ 5 ಮೀಟರ್ ವೇಗದಲ್ಲಿ ದಾಟುತ್ತಿವೆ ಎನ್ನಿ. ಫೇಸ್ ಡಾಪ್ಲರ್ ಎರಡನ್ನೂ ಸಮಸಮ ಎಣಿಸುತ್ತದೆ. ವಿವರ್ತನೆಯ ಉಪಕರಣಕ್ಕೆ ಸಣ್ಣವು ನಾಲ್ಕು ಪಟ್ಟು ಕಾಣುತ್ತವೆ. ನೀವು ಕೇಳಿದ ಜಗಳದ ದೊಡ್ಡ ಪಾಲು ಇಷ್ಟೇ. ಯಾವುದನ್ನು ನಂಬಬೇಕೆಂದರೆ, ನಿಮಗೆ ಬೇಕಾದದ್ದನ್ನು ಅಳೆದದ್ದನ್ನು. ಒಂದು ಜಾಗಕ್ಕೆ ಎಷ್ಟು ದ್ರವ ತಲುಪಿತು ಎಂಬುದು ಬೇಕಾದರೆ ದಾಟಿದ ಲೆಕ್ಕ, ಒಂದು ಕ್ಷಣದಲ್ಲಿ ಎಷ್ಟು ಮೇಲ್ಮೈ ಗಾಳಿಗೆ ತೆರೆದಿದೆ ಎಂಬುದು ಬೇಕಾದರೆ ಇದ್ದ ಲೆಕ್ಕ.

ಉಳಿದ ಪಾಲಿಗೆ ಕಾರಣ, ಪ್ರತಿ ಉಪಕರಣವೂ ಮನಸ್ಸಿನಲ್ಲಿಟ್ಟುಕೊಂಡಿರುವ ನಂಬಿಕೆ. ಫೇಸ್ ಡಾಪ್ಲರ್ ಎದುರಿಗಿರುವುದು ದುಂಡನೆಯ ಹನಿ ಎಂದು ನಂಬಿಕೊಂಡೇ ಲೆಕ್ಕ ಹಾಕುತ್ತದೆ. ಈಗಷ್ಟೇ ಹುಟ್ಟಿದ ಹನಿ ದುಂಡಗಿರುವುದಿಲ್ಲ, ನಡುಗುತ್ತಿರುತ್ತದೆ. ನಿಮ್ಮ 1.9 ಮಿಲಿಮೀಟರಿನ ಹನಿ ಸೆಕೆಂಡಿಗೆ ಸುಮಾರು 130 ಸಲ ಉದ್ದವಾಗಿ, ಚಪ್ಪಟೆಯಾಗಿ ಅಲುಗಾಡುತ್ತದೆ. ಆ ಅಲುಗಾಟ ಮೂರನೇ ಒಂದು ಪಾಲಿಗೆ ಇಳಿಯಲು 0.18 ಸೆಕೆಂಡ್ ಬೇಕು. ಅಷ್ಟರಲ್ಲಿ ಹನಿ ಅರ್ಧ ಮೀಟರ್ ಬಿದ್ದಿರುತ್ತದೆ. 20 ಮೈಕ್ರೊಮೀಟರಿನ ಹನಿಗಾದರೆ 20 ಮೈಕ್ರೊಸೆಕೆಂಡ್ ಸಾಕು. ಸಣ್ಣ ಹನಿಗಳು ಹುಟ್ಟುತ್ತಲೇ ದುಂಡಗಾಗುತ್ತವೆ, ದೊಡ್ಡವು ತಡಮಾಡುತ್ತವೆ. ನಾಜಲಿನ ಹತ್ತಿರ ಅಳೆದರೆ ಉಪಕರಣ ದೊಡ್ಡ, ವಕ್ರ ಹನಿಗಳನ್ನು ಒಪ್ಪದೆ ತಿರಸ್ಕರಿಸಿ, ಸಣ್ಣವನ್ನು ಮಾತ್ರ ಒಪ್ಪಿಕೊಳ್ಳುತ್ತದೆ. ಪರದೆಯ ಮೇಲೆ ಸುಂದರವಾದ ಗಂಟೆಯಾಕಾರದ ಹಂಚಿಕೆ ಮೂಡುತ್ತದೆ. ಯುವಕನಾಗಿದ್ದಾಗ ನಾನು ಅಂಥದೊಂದು ಸುಂದರ ಹಂಚಿಕೆಯ ಮೇಲೆ ಎರಡು ವಾರ ಬರೆದದ್ದುಂಟು. ಪಕ್ಕದಲ್ಲೇ ಒಂದು ಸಣ್ಣ ಅಂಕಿ ಇತ್ತು: ಬಂದ ಸಂಕೇತಗಳಲ್ಲಿ ಎಷ್ಟು ಪಾಲು ಒಪ್ಪಿತವಾಯಿತು ಎಂಬ ಶೇಕಡಾವಾರು. ಅದನ್ನು ನೋಡಿರಲಿಲ್ಲ. ಹಿರಿಯರೊಬ್ಬರು ಅದರ ಮೇಲೆ ಬೆರಳಿಟ್ಟು ಸುಮ್ಮನೆ ನನ್ನ ಮುಖ ನೋಡಿದರು. ಮೂರರಲ್ಲಿ ಎರಡು ಪಾಲು ತಿರಸ್ಕೃತವಾಗಿತ್ತು.

ವಿವರ್ತನೆಯ ಉಪಕರಣದ ನಂಬಿಕೆ ಬೇರೆ: ಬೆಳಕು ಒಂದೇ ಹನಿಗೆ ತಾಗಿ ಹೊರಬಂತು ಎಂಬುದು. ತುಂತುರು ದಟ್ಟವಾದರೆ ಒಂದು ಹನಿಯಿಂದ ಚದುರಿದ ಬೆಳಕು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ತಾಗಿ ಕೋನ ಹಿಗ್ಗುತ್ತದೆ, ಉಪಕರಣ ಅದನ್ನು ಸಣ್ಣ ಹನಿ ಎಂದು ಓದುತ್ತದೆ. ಕಿರಣದ ಅರ್ಧಕ್ಕಿಂತ ಹೆಚ್ಚು ಬೆಳಕು ದಾರಿಯಲ್ಲೇ ಕಳೆದುಹೋಗುತ್ತಿದ್ದರೆ ಫಲಿತಾಂಶದ ಮೇಲೆ ಅನುಮಾನವಿರಲಿ.

ಸರಾಸರಿಯ ಮಾತು ಬಂದಾಗ ಯಾವ ಸರಾಸರಿ ಎಂದೂ ಕೇಳಿ. ತುಂತುರಿನವರು ಹೆಚ್ಚಾಗಿ ಕೊಡುವುದು ಸಾಟರ್ ವ್ಯಾಸ, ಅಂದರೆ ವ್ಯಾಸಗಳ ಘನಗಳ ಮೊತ್ತವನ್ನು ವರ್ಗಗಳ ಮೊತ್ತದಿಂದ ಭಾಗಿಸಿದ್ದು. ಒಂದು 200 ಮೈಕ್ರೊಮೀಟರ್ ಹನಿಯಲ್ಲಿ ಸಾವಿರ 20 ಮೈಕ್ರೊಮೀಟರ್ ಹನಿಗಳ ನೀರಿದೆ. ಸಾವಿರ ಹನಿ ಎಣಿಸಿದವನು ಒಂದು ದೊಡ್ಡ ಹನಿ ಬಿಟ್ಟರೆ ಸಾಟರ್ ವ್ಯಾಸವೇ ಕುಸಿಯುತ್ತದೆ.

ನಿಮ್ಮ ನಿಧಾನದ ಧಾರೆಯಲ್ಲಿ ಇಷ್ಟೆಲ್ಲ ರಗಳೆ ಇಲ್ಲ. ಎಂಜಿನ್ನಿನ ಇಂಧನ ಸಿಂಪಡಿಕೆಯಂಥ ಧಾರೆಗಳು ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಹೊರಟು, ಹೊರಡುವಾಗಲೇ ಚಿಂದಿಯಾಗುತ್ತವೆ. 400 ಮೀಟರ್ ವೇಗಕ್ಕೆ 5 ನ್ಯಾನೊಸೆಕೆಂಡಿನ ಲೇಸರ್ ಮಿಂಚು ಕೂಡ 2 ಮೈಕ್ರೊಮೀಟರ್ ಮಸುಕು ಉಳಿಸುತ್ತದೆ. ಆದರೆ ಅಲ್ಲಿನ ನಿಜವಾದ ಕಷ್ಟ ವೇಗವಲ್ಲ, ಮಂಜು. ಒಡೆಯುತ್ತಿರುವ ತಿರುಳಿನ ಸುತ್ತ ಹನಿಗಳ ಮೋಡ ಕವಿದು ಒಳಗಿನದು ಕಾಣುವುದೇ ಇಲ್ಲ. ಇದಕ್ಕೆ ಜನ ಕಂಡುಕೊಂಡ ಉಪಾಯಗಳಲ್ಲಿ ನನಗೆ ಅಚ್ಚುಮೆಚ್ಚಿನದು ಧಾರೆಯ ಒಳಗಿನಿಂದಲೇ ದೀಪ ಹಚ್ಚುವುದು. 1840ರ ದಶಕದ ಆರಂಭದಲ್ಲಿ ಜಿನೀವಾದ ಕೊಲಾಡಾನ್, ನೀರಿನ ಧಾರೆಯೊಳಗೆ ಹೊಗಿಸಿದ ಬೆಳಕು ಪೂರ್ಣ ಆಂತರಿಕ ಪ್ರತಿಫಲನದಿಂದ ಧಾರೆಯ ಜೊತೆಗೇ ಬಾಗಿ ಸಾಗುವುದನ್ನು ತೋರಿಸಿದ್ದರು. ಇಂದಿನ ಆಪ್ಟಿಕಲ್ ಫೈಬರಿನ ತತ್ವ ಅದೇ. ಈಗ ನಾಜಲಿನ ಹಿಂದಿನಿಂದ ಲೇಸರನ್ನು ಧಾರೆಯೊಳಗೆ ಬಿಡುತ್ತಾರೆ. ದ್ರವದಲ್ಲಿ ಹೊಳೆಯುವ ಬಣ್ಣ ಬೆರೆಸಿರುತ್ತಾರೆ. ಧಾರೆ ಎಲ್ಲಿಯವರೆಗೆ ತುಂಡಾಗದೆ ಇದೆಯೋ ಅಲ್ಲಿಯವರೆಗೆ ಅದು ಉರಿಯುವ ಬತ್ತಿಯಂತೆ ಬೆಳಗುತ್ತದೆ, ಕಡಿದ ಜಾಗದಲ್ಲಿ ಆರುತ್ತದೆ. ಹೊರಗಿನ ಮಂಜು ಎಷ್ಟೇ ಇರಲಿ, ಬೆಳಕೇ ಒಡೆದ ಜಾಗವನ್ನು ತೋರಿಸುತ್ತದೆ. ಧಾರೆ ತುಂಬ ಸುಕ್ಕುಗಟ್ಟಿದ್ದರೆ ಬೆಳಕು ದಾರಿಯಲ್ಲೇ ಸೋರಿಹೋಗುತ್ತದೆ ಎಂಬುದು ಇದರ ಮಿತಿ.

ಬೇರೆ ಉಪಾಯಗಳೂ ಇವೆ. ಮಂಜಿನಲ್ಲಿ ಅಡ್ಡಾಡದೆ ನೇರವಾಗಿ ಬಂದ ಬೆಳಕು ಎಲ್ಲಕ್ಕಿಂತ ಮೊದಲು ತಲುಪುತ್ತದೆ. ಅದನ್ನು ಮಾತ್ರ ಒಳಗೆ ಬಿಟ್ಟು, ಪಿಕೊಸೆಕೆಂಡುಗಳಲ್ಲಿ ಬಾಗಿಲು ಹಾಕಿಬಿಡುವ ವಿಧಾನವೊಂದು. ಲೇಸರ್ ಹಾಳೆಯ ಮೇಲೆ ಪಟ್ಟೆಗಳನ್ನು ಮೂಡಿಸಿ, ಪಟ್ಟೆಯ ಗುರುತು ಉಳಿಸಿಕೊಂಡ ಬೆಳಕನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನ ಸ್ವೀಡನ್ನಿನ ಲುಂಡ್‌ನಲ್ಲಿ ಬೆಳೆಯಿತು. ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ಎಕ್ಸ್ ಕಿರಣಗಳನ್ನೇ ಬಳಸುತ್ತಾರೆ, ಹನಿಗಳ ಮೈಮೇಲೆ ಅವು ಬೆಳಕಿನಷ್ಟು ಚದುರುವುದಿಲ್ಲ. ಇವೆಲ್ಲ ನಿಮ್ಮ ಮೇಜಿನ ಮೇಲೆ ಆಗುವ ಕೆಲಸವಲ್ಲ, ನಿಮಗೆ ಬೇಕಾಗಿಯೂ ಇಲ್ಲ.

ಒಂದು ಸಣ್ಣ ಪರೀಕ್ಷೆಯನ್ನು ಮಾತ್ರ ತಪ್ಪದೆ ಮಾಡಿ. ನಿಮ್ಮ ಇನ್ನೂರು ಚಿತ್ರಗಳ ಸರಾಸರಿ ಚಿತ್ರವೊಂದನ್ನು ತಯಾರಿಸಿ. ನಿಜವಾದ ಹನಿಗಳು ಅದರಲ್ಲಿ ಕರಗಿ ಬೂದು ಬಣ್ಣವಾಗಬೇಕು. ಎಲ್ಲಾದರೂ ಸ್ಫುಟವಾದ ಹನಿ ಉಳಿದಿದ್ದರೆ ಅದು ಮಸೂರಕ್ಕೋ ಹಾಳೆಗೋ ಸಿಡಿದು ಅಂಟಿ ಕುಳಿತದ್ದು. ತಂತ್ರಾಂಶ ಅದನ್ನು ಇನ್ನೂರು ಸಲ ಎಣಿಸಿರುತ್ತದೆ.

ಇನ್ನು ಬಣ್ಣ. ನೆರಳುಚಿತ್ರಕ್ಕೆ ಬಣ್ಣ ಬೇಡವೇ ಬೇಡ, ಶುದ್ಧ ನೀರೇ ಕಪ್ಪಾಗಿ ಕಾಣುತ್ತದೆ. ಮಸಿ, ಬಟ್ಟೆಯ ಬಣ್ಣ ಇತ್ಯಾದಿಗಳಲ್ಲಿ ಮೇಲ್ಮೈ ಎಳೆತ ತಗ್ಗಿಸುವ ವಸ್ತುಗಳು ಬೆರೆತಿರಬಹುದು. ನೀವು ಅಳೆಯುತ್ತಿರುವುದು ಮೇಲ್ಮೈ ಎಳೆತದ ಆಟವನ್ನೇ ಆದ್ದರಿಂದ ಇದು ಆಟಗಾರನನ್ನೇ ಬದಲಾಯಿಸಿದಂತೆ. ಇಲ್ಲಿಯೂ ಒಂದು ತಿರುವು ಇದೆ: ಸಾಬೂನಿನಂಥ ವಸ್ತು ಮೇಲ್ಮೈಗೆ ಬಂದು ನೆಲೆಸಲು ಹೊತ್ತು ಬೇಕು. ನಿಮ್ಮ ಧಾರೆಯ ಮೇಲ್ಮೈ ಹುಟ್ಟಿ ಒಡೆಯುವವರೆಗೆ ಇರುವುದು ಐವತ್ತು ಮಿಲಿಸೆಕೆಂಡಿಗಿಂತ ಕಡಿಮೆ. ಹೀಗಾಗಿ ಲೋಟದಲ್ಲಿಟ್ಟು ಅಳೆದ ಮೇಲ್ಮೈ ಎಳೆತದ ಅಂಕಿಯನ್ನು ಧಾರೆಗೆ ಹಾಕಿದರೆ ಲೆಕ್ಕ ಕೂಡುವುದಿಲ್ಲ, ಧಾರೆ ಹೆಚ್ಚುಕಡಿಮೆ ಶುದ್ಧ ನೀರಿನಂತೆಯೇ ವರ್ತಿಸಬಹುದು. ಬಣ್ಣ ಹಾಕಲೇಬೇಕಾದರೆ ಮೊದಲು ಬರೀ ನೀರಿನಲ್ಲಿ ಒಡೆಯುವ ಉದ್ದವನ್ನು ಅಳೆಯಿರಿ. ಆಮೇಲೆ ಅದೇ ವೇಗದಲ್ಲಿ, ಅದೇ ದಿನ, ಬಣ್ಣದ ನೀರಿನಲ್ಲಿ ಅಳೆಯಿರಿ. ಎರಡು ಹಂಚಿಕೆಗಳು ಒಂದರ ಮೇಲೊಂದು ಕೂತರೆ ಬಣ್ಣ ನಿರಪರಾಧಿ, ಉದ್ದ ಸರಿದರೆ ಆ ಶೀಶೆಯನ್ನು ಪಕ್ಕಕ್ಕಿಡಿ.